ಹೊನ್ನಕ್ಕನ ಒನಕೆ, ಶಾಲೆಯ ಗೋಡೆ

ಮಿಡಿಗೇಶಿ, 12-2-1986

ಅಕ್ಕನಿಗೆ ನಮಸ್ಕಾರ.

ಬಿರುಕು ಬಿಟ್ಟ ಶಾಲೆಯ ಗೋಡೆಯನ್ನು ಪರೀಕ್ಷಿಸಲು ಲ್ಯಾಬಿನವರು ನನ್ನನ್ನು ಯಂತ್ರದ ಸಮೇತ ಇಲ್ಲಿಗೆ ಕಳಿಸಿದ್ದಾರೆ. ಗೋಡೆಗೆ ಲೇಸರ್ ಬೆಳಕು ಬಿಟ್ಟರೆ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕಿಗಳು ಕಾಣುತ್ತವೆ. ಗೋಡೆ ಕೂದಲಿನ ನೂರನೇ ಒಂದು ಪಾಲು ಅಲುಗಿದರೂ ಯಂತ್ರಕ್ಕೆ ಜೋಡಿಸಿದ ಟಿವಿಯಲ್ಲಿ ಪಟ್ಟೆಗಳು ಮೂಡುತ್ತವೆ.

ಮೊದಲ ದಿನವೆಲ್ಲ ಪಟ್ಟೆಗಳು ಕುಣಿದವು. ಶಾಲೆಯ ಪಕ್ಕದ ಮನೆಯ ಹೊನ್ನಕ್ಕ ಒರಳಿನಲ್ಲಿ ನವಣೆ ಕುಟ್ಟುತ್ತಿದ್ದರು. ನಿಲ್ಲಿಸಿ ಎಂದು ಕೇಳಲು ಹೋದೆ.

"ನಾನು ಕುಟ್ಟಿದ್ರೆ ಗೋಡೆ ಅದುರ್ತೈತೆ ಅಂತ ವರ್ಷದಿಂದ ಬಡ್ಕಂತಿವ್ನಿ ಕಣಪ್ಪ. ಮೇಷ್ಟ್ರು ನಕ್ಬುಟ್ರು," ಎಂದರು.

ಹಾಗಾದರೆ ಕುಟ್ಟಿ ಎಂದು ಹೇಳಿ ಅಳೆದೆ. ಒಂದೊಂದು ಏಟಿಗೂ ಬಿರುಕಿನ ಆಚೆಯ ಗೋಡೆ ಬೇರೆಯಾಗಿಯೇ ಅಲುಗುತ್ತಿತ್ತು. ಮೇಷ್ಟ್ರು ಗಂಗಹನುಮಯ್ಯನವರನ್ನು ಕರೆದು ತೋರಿಸಿದೆ. ಈ ಸಲ ಅವರು ನಗಲಿಲ್ಲ.

ಒನಕೆಯ ಏಟಿಗೇ ಅದುರುವ ಗೋಡೆ ಯಾವಾಗ ಬೇಕಾದರೂ ಬೀಳಬಹುದೆಂದು ಅಂದೇ ವರದಿ ಕಳಿಸಿದೆ. ನಿನ್ನೆ ಮೇಲಿನಿಂದ ಆದೇಶ ಬಂತು: ಒರಳನ್ನು ಐವತ್ತು ಅಡಿ ದೂರಕ್ಕೆ ಸಾಗಿಸತಕ್ಕದ್ದು, ಪಾಠ ಎಂದಿನಂತೆ ಒಳಗೇ ನಡೆಯತಕ್ಕದ್ದು. ಗೋಡೆ ಕೆಡವುವ ಮಾತೇ ಇಲ್ಲ.

ಇಲ್ಲಿನ ಮುದ್ದೆ ಒಗ್ಗಿದೆ, ಕೆಮ್ಮು ನಿಂತಿದೆ. ಕಾರ್ಡಿನಲ್ಲಿ ಜಾಗವಿಲ್ಲ, ಉಳಿದದ್ದು ಇಷ್ಟೇ. ಮೇಷ್ಟ್ರು ಆದೇಶವನ್ನು ಎರಡು ಸಲ ಓದಿ, ಮಕ್ಕಳನ್ನು ಹೊರಗೆ ಕಳಿಸಿ, ಶಾಲೆಗೆ ಬೀಗ ಹಾಕಿ ಕೀಲಿಕೈಯನ್ನು ಬಾವಿಗೆ ಎಸೆದರು. ಆಮೇಲೆ ಕೀಲಿಕೈ ಕಳೆದುಹೋಗಿದೆ, ಹೊಸದು ಬರುವವರೆಗೆ ಪಾಠ ಹೊನ್ನಕ್ಕನ ಜಗುಲಿಯಲ್ಲಿ ನಡೆಯುತ್ತದೆ ಎಂದು ಮೇಲಿನವರಿಗೆ ಬರೆದರು. ಹೊಸ ಕೀಲಿಕೈ ಮಂಜೂರಾಗಲು ಒಂದು ವರ್ಷವಾದರೂ ಬೇಕಂತೆ. ಸಾಕ್ಷಿಗೆ ನಾನೂ ಸಹಿ ಹಾಕಿದ್ದೇನೆ. ಭಾವನವರಿಗೆ ಹೇಳಬೇಡ.

ನಿನ್ನ ತಮ್ಮ,
ಶೇಷಾದ್ರಿ