ಇನ್ನೊಂದೇ ನಿಮಿಷ

ಗುರುವಾರ, ಹನ್ನೆರಡನೇ ತಾರೀಖು

ಪ್ರೀತಿಯ ಅತ್ತಿಗೆಗೆ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನಾದರೊಂದು ನೆಪ ಹುಡುಕಿ ಎದ್ದುಬಿಡುತ್ತಿದ್ದೆ. ತಪ್ಪು ನನ್ನದು, ಬೈದುಕೊಳ್ಳಿ. ಮಗಳು ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆಂದು ಓದಿ ಸ್ವಲ್ಪ ಸಮಾಧಾನವಾಯಿತು.

ಅಣ್ಣ ಹೋದ ದಿನ ಬೆಳಿಗ್ಗೆ ಎದೆಯುರಿ ಎಂದಾಗ, "ರಿಪೋರ್ಟ್ ಚೆನ್ನಾಗಿದೆ ಅಂತ ನಿಮ್ಮ ತಂಗಿನೇ ಹೇಳಿದಾಳಲ್ಲ, ಸುಮ್ನೆ ಮಲಗಿ" ಎಂದು ಗದರಿದ್ದನ್ನು ಬರೆದಿದ್ದೀರಿ. "ಅವರನ್ನು ಕೊಂದವಳು ನಾನೇ" ಎಂದೂ ನಿಮ್ಮನ್ನೇ ದೂರಿಕೊಂಡು ಬರೆದಿದ್ದೀರಿ. ಆ ಸಾಲು ದಾಟಿ ಮುಂದೆ ಓದಲು ನನಗೆ ಎರಡು ದಿನ ಬೇಕಾಯಿತು.

ನನ್ನ ಕೆಲಸ ನಿಮಗೆ ಗೊತ್ತು. ಎದೆಗೆ ತಂತಿ ಅಂಟಿಸಿ, ಓಡುವ ಪಟ್ಟಿಯ ಮೇಲೆ ನಡೆಸಿ, ಹೃದಯದ ಗೆರೆ ನೋಡುವುದು. ಕೂತಾಗ ಸುಮ್ಮನಿರುವ ಕಾಯಿಲೆ ಏದುಸಿರು ಬಂದಾಗಲೇ ತಲೆ ಹೊರಗೆ ಹಾಕುತ್ತದೆ. ಅದಕ್ಕೇ ಬರೀ ಕಾಲು ಸೋತು ಸಾಕು ಎನ್ನುವವರಿಗೆಲ್ಲ "ಇನ್ನೊಂದೇ ನಿಮಿಷ" ಎನ್ನುತ್ತೇನೆ. ಆಸ್ಪತ್ರೆಯಲ್ಲಿ ನನ್ನ ಅಡ್ಡಹೆಸರೇ ಅದು.

ಅಣ್ಣ ಈ ಪರೀಕ್ಷೆಗೆ ಬಂದ ದಿನ ಮಷೀನಿನಿಂದ ಇಳಿಬಿದ್ದ ಕಾಗದ ನೋಡಿ, "ನನ್ನ ಟೇಪಿಗಿಂತ ಉದ್ದ ಇದೆಯಲ್ಲೇ, ಯಾರಿಗೆ ಷರಟು ಹೊಲೀತೀಯ?" ಎಂದ. ದರ್ಜಿಯ ಬಾಯಿ ಎಲ್ಲಿ ಹೋದರೂ ದರ್ಜಿಯದೇ. ಅವನು ಹೊಲಿದುಕೊಟ್ಟ ಬಿಳಿ ಕೋಟನ್ನೇ ಈಗಲೂ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೇನೆ. ಒಂದು ಗುಂಡಿಯೂ ಸಡಿಲವಾಗಿಲ್ಲ. ಅದನ್ನು ತೊಡುವಾಗ ಅಳು ಬರುತ್ತದೆ.

ಮಗಳಿಗೆ ನನ್ನ ಆಶೀರ್ವಾದ, ಚೆನ್ನಾಗಿ ಓದಲಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ ನಾದಿನಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅತ್ತಿಗೆ, ಅಣ್ಣನ ರಿಪೋರ್ಟ್ ಚೆನ್ನಾಗಿರಲಿಲ್ಲ. ಕೆಟ್ಟದ್ದೂ ಆಗಿರಲಿಲ್ಲ. ಅವನ ವಯಸ್ಸಿಗೆ ಹೃದಯ ನಿಮಿಷಕ್ಕೆ ನೂರ ನಲವತ್ತರ ಹತ್ತಿರ ಬಡಿಯುವವರೆಗೆ ನಡೆಸಬೇಕಿತ್ತು. ನೂರ ಹದಿನೆಂಟಕ್ಕೇ, "ಕಾಲು ನೋಯ್ತಿದೆ, ಸಾಕು ಕಣೇ" ಎಂದು ನನ್ನ ಮುಖ ನೋಡಿದ. ನಿಲ್ಲಿಸಿಬಿಟ್ಟೆ. ಡಾಕ್ಟರು "ಅಪೂರ್ಣ, ಮತ್ತೆ ಮಾಡಬೇಕು" ಎಂದು ಬರೆದರು. ಅವನನ್ನು ಮತ್ತೆ ಹಾಗೆ ದಣಿಸಲು ನನಗೆ ಮನಸ್ಸಾಗಲಿಲ್ಲ. ಗೆರೆಯಲ್ಲಿ ಏನೂ ಕಾಣಲಿಲ್ಲವಲ್ಲ ಎಂದುಕೊಂಡು ನಿಮಗೆ "ಚೆನ್ನಾಗಿದೆ" ಎಂದುಬಿಟ್ಟೆ. ಆ ರಿಪೋರ್ಟ್ ನನ್ನ ಬೀರುವಿನಲ್ಲಿತ್ತು, ಇದರ ಜೊತೆ ಇಟ್ಟಿದ್ದೇನೆ. ನೀವು ಗದರಿದ್ದು ನನ್ನ ಮಾತು ನಂಬಿ. ಈ ಕೆಲಸದ ಇಪ್ಪತ್ತೆರಡು ವರ್ಷದಲ್ಲಿ ನಾನು ಇನ್ನೊಂದೇ ನಿಮಿಷ ಎನ್ನದೆ ಬಿಟ್ಟದ್ದು ಅವನೊಬ್ಬನಿಗೆ.