ಅಳುವುದಾದರೆ ಹೊರಗೆ

ಜೂನ್ 3
ಹಾಲು ಹಿಂಡಿದೆ. ಚಮಚದ ತಳ ಮುಚ್ಚುವಷ್ಟು. ಅದನ್ನೇ ಸಿಸ್ಟರ್ ಬಂಗಾರ ಇಸ್ಕೊಂಡ ಹಾಗೆ ಇಸ್ಕೊಂಡರು. ಎರಡು ಕೂಸಿಗೂ ಹಂಚಬೇಕು. ಹನಿ ಹನಿ, ನಳಿಗೆಯಲ್ಲಿ.

ಉಂಗುರ ಬಿಚ್ಚಿಟ್ಟು, ಕೈ ತೊಳೆದು, ಗೌನ್ ಹಾಕಿ ಒಳಗೆ. ಅರ್ಧ ಕತ್ತಲು. ಗಾಜಿನ ಪೆಟ್ಟಿಗೆಗಳ ಮೇಲೆ ದಪ್ಪ ಬಟ್ಟೆ. ಗೋಡೆ ಕಡೆ ಅಣ್ಣ, ಪಕ್ಕದಲ್ಲಿ ತಂಗಿ. ಅವಳಿಗಳು. ಏಳು ತಿಂಗಳು ತುಂಬೋವರೆಗೂ ಕಾಯಲಿಲ್ಲ.

"ಹೇಗಿದ್ದಾರೆ?" ಅಂದೆ ಅಷ್ಟೇ. ಅಣ್ಣನ ಕೈಕಾಲು ಬೆಚ್ಚಿ ಹಾರಿತು. ಮಾನಿಟರ್ ಕಿರುಚಿತು. ಸ್ಕೂಲಲ್ಲಿ ಪಿ.ಟಿ. ಟೀಚರ್ ನಾನು, ಮೈದಾನದ ಆಚೆ ತುದಿಗೂ ಕೇಳೋ ಗಂಟಲು.

ಸಿಸ್ಟರ್ ಕಿವಿ ಹತ್ತಿರ ಬಂದರು. "ಮೆಲ್ಲಗೆ ಮೇಡಂ. ಮಿದುಳಿನ ರಕ್ತನಾಳಗಳು ಇನ್ನೂ ಜೇಡರ ಬಲೆ ಥರ. ಬೆಚ್ಚಿದರೆ ಬಿ.ಪಿ. ಏರುತ್ತೆ, ಒಡೆಯಬಹುದು. ಬೆಳಕು, ಸದ್ದು, ಪದೇಪದೇ ಮುಟ್ಟೋದು... ಯಾವುದೂ ಬೇಡ."

ಹೊರಗೆ ಇವರು ನಗಿಸೋಕೆ ನೋಡಿದರು. "ಇಷ್ಟು ವರ್ಷ ನನ್ನ ಕೈಲಾಗಲಿಲ್ಲ. ಅಂಗೈಯಷ್ಟು ಇದ್ದುಕೊಂಡು ನಿನ್ನ ಬಾಯಿ ಮುಚ್ಚಿಸಿದವು ನೋಡು."
ನಗು ಬರಲಿಲ್ಲ. ಇವರಿಗೂ.

ಜೂನ್ 4
ಅತ್ತೆ ಬಂದರು. ತಲೆ ಸವರೋಕೆ ಕೈ ಚಾಚಿದರು. ಸಿಸ್ಟರ್ ತಡೆದರು. "ಸವರಬೇಡಿ ಅಮ್ಮ. ಸುಮ್ಮನೆ ಇಡಿ. ತಲೆ ಮೇಲೊಂದು ಕೈ, ಪಾದದ ಹತ್ತಿರ ಒಂದು. ಅಲುಗಿಸಬೇಡಿ."

ಹೊರಗೆ ಬಂದು ಗೊಣಗಿದರು: "ನಾಲ್ಕು ಹೆತ್ತವಳು ನಾನು. ನನಗೇ ಮಗು ಮುಟ್ಟೋದು ಕಲಿಸ್ತಾಳೆ!" ಆಮೇಲೆ ಕಾರಿಡಾರ್ ಬೆಂಚಲ್ಲಿ ಕೂತು, ಮಡಿಲಲ್ಲಿದ್ದ ಚೀಲದ ಮೇಲೆ ಎರಡೂ ಕೈ ಇಟ್ಟು ಅಭ್ಯಾಸ ಮಾಡ್ತಿದ್ದರು... ನೋಡಿಯೂ ನೋಡದ ಹಾಗೆ ಇದ್ದೆ.

ಜೂನ್ 5, ಮಧ್ಯಾಹ್ನ
ತಲೆಯ ಸ್ಕ್ಯಾನ್. ತಂಗಿ — ಸದ್ಯಕ್ಕೆ ಏನೂ ಇಲ್ಲ. ಅಣ್ಣ — ಮಿದುಳಲ್ಲಿ ರಕ್ತ. ಎರಡೂ ಕಡೆ. ತುಂಬಾ.

"ಮೊನ್ನೆ ನಾನು ಜೋರಾಗಿ ಮಾತಾಡಿದೆ..." ಕೇಳಿಯೇಬಿಟ್ಟೆ.
"ಒಂದು ಮಾತಿಗೆ ಹೀಗಾಗಲ್ಲಮ್ಮ," ಅಂದರು ಡಾಕ್ಟರ್. "ಎಲ್ಲ ಸರಿಯಾಗಿ ಮಾಡಿದರೂ ಕೆಲವು ಮಕ್ಕಳಿಗೆ ಆಗುತ್ತೆ."
ನಂಬಬೇಕು. ಇನ್ನೂ ನಂಬೋಕೆ ಆಗ್ತಿಲ್ಲ.

ಜೂನ್ 7
ಅಣ್ಣ ಹೋದ. ಬೆಳಿಗ್ಗೆ. ನನ್ನ ಮಡಿಲಲ್ಲೇ.

ನಳಿಗೆ, ಟೇಪು ಎಲ್ಲ ತೆಗೆದು ಕೊಟ್ಟರು. ಮುಖ ಪೂರ್ತಿ ಕಂಡಿದ್ದು ಅದೇ ಮೊದಲು. ಇವರದೇ ಗಲ್ಲ.

ಕೂಗಿ ಅಳೋಕೆ ಬಾಯಿ ತೆರೆದೆ. ಕೈಗೆಟುಕುವಷ್ಟು ಹತ್ತಿರ ತಂಗಿ. ಸಿಸ್ಟರ್ ಅವಳ ಪೆಟ್ಟಿಗೆಗೆ ಇನ್ನೊಂದು ಬಟ್ಟೆ ಹೊದಿಸ್ತಿದ್ದರು. ಅವರ ಕಣ್ಣೂ ತುಂಬಿತ್ತು. "ಮೇಡಂ, ಪಕ್ಕದ ರೂಮಿಗೆ ಬನ್ನಿ. ಅಲ್ಲಿ ಎಷ್ಟು ಬೇಕಾದರೂ ಅಳಿ."

ಎದ್ದು ಹೋದರೆ ಅಣ್ಣ-ತಂಗಿ ಒಂದು ಕಡೆ ಇರೋದು ಅಲ್ಲಿಗೆ ಮುಗೀತು. ಏಳಲಿಲ್ಲ. ಗೌನಿನ ತೋಳು ಕಚ್ಚಿದೆ. ಕಚ್ಚಿಕೊಂಡೇ ಅತ್ತುಬಿಟ್ಟೆ. ಅತ್ತೆಯವರು ನನ್ನ ಬೆನ್ನ ಮೇಲೆ ಕೈ ಇಟ್ಟರು. ಸವರಲಿಲ್ಲ. ಸುಮ್ಮನೆ ಇಟ್ಟಿದ್ದರು.

ತಂಗಿಯ ಮಾನಿಟರ್ ಒಂದು ಸಲವೂ ಕೂಗಲಿಲ್ಲ.

ಜೂನ್ 15
ಬರೆಯೋಕೆ ಆಗಿರಲಿಲ್ಲ. ಹಾಲು ಮಾತ್ರ ಬಿಡದೆ ಹಿಂಡಿದೆ. ಮೈಗೆ ಯಾರೂ ಹೇಳಿಲ್ಲ, ಇಬ್ಬರಿದ್ದಾರೆ ಅಂತಲೇ ತುಂಬಿ ಬರ್ತಿದೆ.

ಇವರು ಮಕ್ಕಳಿಗೆ ಅಂತ ತಂದಿದ್ದ ಎರಡು ಟೋಪಿಯಲ್ಲಿ ಒಂದನ್ನ ಎಲ್ಲಿಡಬೇಕು ತಿಳಿಯದೆ ಅಂಗಿ ಜೇಬಿಗೆ ಹಾಕ್ಕೊಂಡು ಕೆಲಸಕ್ಕೆ ಹೋದರು.

ಜೂನ್ 16, ಹನ್ನೊಂದು ಗಂಟೆ
ತಂಗಿಗೆ ಮತ್ತೆ ಸ್ಕ್ಯಾನ್. ಒಂದು ಬದಿ ಚಿಕ್ಕ ಕಲೆ.

"ಮುಂದೆ?" ಪಿಸುದನಿಯಲ್ಲಿ ಕೇಳಿದೆ.
"ಎಲ್ಲರ ಹಾಗೆ ಓಡಬಹುದು. ನಡೆಯೋದೇ ತಡ ಆಗಬಹುದು. ಈಗ ಹೇಳೋಕೆ ಯಾರಿಂದಲೂ ಆಗಲ್ಲ," ಅಂದರು ಡಾಕ್ಟರ್. "ಇವತ್ತಿಂದ ಎದೆ ಮೇಲೆ ಹಾಕ್ಕೊಳ್ಳಿ. ಮೈಗೆ ಮೈ ತಾಗೋ ಹಾಗೆ. ಅದೂ ಔಷಧಿಯೇ."

ಒರಗು ಕುರ್ಚಿ ತಂದಿಟ್ಟರು. ಸಿಸ್ಟರ್ ಒಂದೊಂದೇ ನಳಿಗೆ ಸರಿಮಾಡ್ತಿದ್ದಾರೆ. ಗುಂಡಿ ಬಿಚ್ಚಿ ಕೂತಿದ್ದೀನಿ. ಹೆದರಿಕೆ. ಕೊನೇ ಸಲ ಮಡಿಲಿಗೆ ತಗೊಂಡಿದ್ದು ಅಣ್ಣನನ್ನ... ಈ ತೋಳಿಗೆ ಗೊತ್ತಿರೋದು ಅದೊಂದೇ.

"ಪೆನ್ನು ಕೆಳಗಿಡಿ ಮೇಡಂ, ಎರಡೂ ಕೈ ಬೇಕು."

ಎತ್ತಿದರು. ತರ್ತಿದ್ದಾರೆ. ಇಷ್ಟೇನಾ... ಇಷ್ಟೇ ಇಷ್ಟಾ ನನ್ನ