ಎರಡೂವರೆ ಗೂಳಿ

ಫೆಬ್ರವರಿ 10, ಸೋಮವಾರ

ಸೈಕಲ್ ಅಂಗಡಿಗೆ ಬೀಗ ಹಾಕಿ ಬಂದೆ. ಅರ್ಧ ದಾರಿಯಿಂದ ವಾಪಸ್ ಹೋಗಿ ಎಳೆದು ನೋಡಿದೆ. ಹಾಕೇ ಇತ್ತು.

ಡಾಕ್ಟರು ಹೇಳಿದ ಹಾಗೆ ಬರೀತಾ ಇದೀನಿ. ತಲೆಯಲ್ಲಿ ಓಡೋದನ್ನ ಹಾಳೆ ಮೇಲೆ ಇಳಿಸು, ನಿದ್ದೆ ಬರುತ್ತೆ ಅಂದ್ರು. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಅಕ್ಷರ... ಯಾರು ನೋಡ್ತಾರೆ, ಬಿಡು.

ಸಂಜೆ ಗುಬ್ಬಿ ಬಂದಳು. ಅಕ್ಕನ ಮಗಳು. ಆಸ್ಪತ್ರೆ ಲ್ಯಾಬ್ ಡ್ಯೂಟಿ ಮುಗಿಸಿ ಸೀದಾ ಅಂಗಡಿಗೆ. ಹೆಗಲ ಮೇಲೆ ಒಂದು ಫ್ರೇಮು. ಗುಜರಿಯಲ್ಲಿ ಸಿಕ್ಕಿದ್ದಂತೆ. ಹಸಿರು ಬಣ್ಣ ಅರ್ಧ ಹೋಗಿದೆ, ಮುಂದುಗಡೆ ಕೊಂಬಿನ ಬಿಲ್ಲೆ. ನೋಡಿದ ತಕ್ಷಣ ಗೊತ್ತಾಯ್ತು — ಗೂಳಿ! ನಾನು ಕೆಲಸ ಕಲಿಯೋ ಕಾಲದ ಬೆಟ್ಟದ ಸೈಕಲ್ಲು. ಆ ಫ್ಯಾಕ್ಟರಿ ಮುಚ್ಚಿ ಯಾವ ಕಾಲ ಆಯ್ತೋ.

"ಮಾಮ, ಇದು ಎಷ್ಟನೇದು ಹೇಳು."

ಗೂಳಿಯಲ್ಲಿ ಮೂರು ಥರ. ಮೊದಲನೇದಕ್ಕೆ ಪೈಪು ಸೇರೋ ಕಡೆಯೆಲ್ಲ ಬಳೆ ತೊಡಿಸಿದ ಹಾಗೆ ಜಾಯಿಂಟು. ಎರಡನೇದಕ್ಕೆ ಬಳೆ ಇಲ್ಲ, ಹಿಂದಿನ ಬ್ರೇಕು ಕೆಳಗೆ, ಪೆಡಲಿನ ಹತ್ರ, ಹಿಂಗಾಲಿನ ಮೇಲೆ. ಪೆಡಲಿನಿಂದ ಹಿಂದಿನ ಚಕ್ರಕ್ಕೆ ಹೋಗೋ ಎರಡು ಪೈಪಿಗೆ ನಾವು ಹಿಂಗಾಲು ಅಂತೀವಿ. ಅದೇ ಕೆಟ್ಟದ್ದು. ಇಳಿಜಾರಲ್ಲಿ ಆ ಕಾಲು ಬಿರುಕು ಬಿಡ್ತಿತ್ತು. ಮೂರನೇದಕ್ಕೆ ಕಾಲು ಗಟ್ಟಿ, ಬ್ರೇಕೂ ಮೇಲಕ್ಕೆ, ಸೀಟಿನ ಹತ್ರಕ್ಕೆ ಹೋಯ್ತು. ರಿಪೇರಿಯವರು ಯಾರೇ ಆಗಲಿ, ಬ್ರೇಕು ಕೂರಿಸೋ ಗೂಟ ಎಲ್ಲಿದೆ ಅಂತ ನೋಡ್ತಾರೆ, ಹೇಳ್ತಾರೆ. ನಾನೂ ಅಷ್ಟೇ ನೋಡಿದೆ. ಮೇಲಿತ್ತು.

"ಮೂರನೇದು" ಅಂದೆ. ಯಾವತ್ತೂ ಇಲ್ಲದ ಧೈರ್ಯ.

ಮುಂದಿನ ತಿಂಗಳು ಹಳೇ ಸೈಕಲ್ಲಿನವರೆಲ್ಲ ಕಲ್ಲುಕ್ವಾರಿ ಗುಡ್ಡದಿಂದ ಇಳೀತಾರಂತೆ. ಇವಳೂ ಇಳೀತಾಳಂತೆ. ಅಕ್ಕ ಊಟಕ್ಕೆ ತಟ್ಟೆ ಇಡ್ತಾ ನಕ್ಕಳು. "ಫ್ಯಾನು ತಲೆ ಮೇಲೆ ಬೀಳುತ್ತೆ ಅಂತ ಗೋಡೆಗೆ ಅಂಟಿಕೊಂಡು ಮಲಗೋನು ಇವನು. ಇವನೇ ಗಟ್ಟಿ ಅಂದ ಮೇಲೆ ನಾನ್ಯಾಕೆ ಹೆದರಲಿ? ಇಳಿ ಹೋಗೇ."

ಹೇಳಿಬಿಟ್ಟೆನಲ್ಲ...

ಫೆಬ್ರವರಿ 13, ಗುರುವಾರ

ಬಣ್ಣ ತೆಗೀತಾ ಇದ್ದೆ. ಸುಮ್ಮನೆ ಸ್ಪ್ಯಾನರಲ್ಲಿ ತಟ್ಟಿದೆ. ನನ್ನ ಚಟ ಅದು. ಚೈನ್ ಕಡೆ, ಬಲಗಾಲು — ಟಣ್. ಎಡಗಾಲು — ಟಕ್.

ಮತ್ತೆ ತಟ್ಟಿದೆ. ಟಣ್. ಟಕ್.

ಒಳಗೆ ಕಸ ಇರಬೇಕು. ಇಲಿ ಏನಾದ್ರೂ... ಪೈಪಲ್ಲಿ ಎಲ್ಲಿಂದ ಇಲಿ ಬರುತ್ತೆ!

ಫೆಬ್ರವರಿ 14, ಶುಕ್ರವಾರ, ಮಧ್ಯಾಹ್ನ

ಎಡಗಾಲಿನ ಮೇಲೆ ಹಿತ್ತಾಳೆ ಕಾಣ್ತು. ಬಣ್ಣದ ಕೆಳಗೆ ಬೊಟ್ಟು ಇಟ್ಟ ಹಾಗೆ, ದುಂಡಗೆ. ಹಳೇ ಬ್ರೇಕಿನ ಗೂಟ ಇದ್ದ ಜಾಗ. ಅರ ಹಾಕಿ ಉಜ್ಜಿ ಮುಚ್ಚಿದಾರೆ. ಬಲಗಾಲಲ್ಲಿ ಅಂಥದ್ದೇನೂ ಇಲ್ಲ, ನುಣ್ಣಗಿದೆ.

ಹಾಗಾದ್ರೆ ಇದು ಎರಡನೇದಾ? ಎರಡನೇದಾದ್ರೆ ಬ್ರೇಕು ಮೇಲೆ ಯಾಕೆ? ಟೀ ಆರಿಹೋಯ್ತು.

ಸಂಜೆ

ಗುಬ್ಬಿಗೆ ಹೇಳಿದೆ. ಸೊಂಟದ ಮೇಲೆ ಕೈ ಇಟ್ಟಳು.

"ಮಾಮ, ಗ್ಯಾಸ್ ಸಿಲಿಂಡರಿಗೂ ಹೀಗೇ ಅಂದೆ. ಪಕ್ಕದ ಮನೆ ನೀರಿನ ಟ್ಯಾಂಕಿಗೂ ಹೀಗೇ ಅಂದೆ. ಆ ಟ್ಯಾಂಕು ನಿನಗಿಂತ ಆರೋಗ್ಯವಾಗಿದೆ."

"ಇದು ಹಾಗಲ್ಲ ಕಣೇ."

"ಪ್ರತಿ ಸಲವೂ ಇದು ಹಾಗಲ್ಲ ಕಣೇ ಅಂತೀಯ."

ತಪ್ಪು ಅವಳದ್ದಲ್ಲ. ದಿನಾ ಹೆದರಿ ಹೆದರಿ ನನ್ನ ಹೆದರಿಕೆಗೆ ಬೆಲೆಯೇ ಇಲ್ಲ ಈ ಮನೇಲಿ. ಇವತ್ತು ನಿಜವಾಗಲೂ ಹೆದರಬೇಕಾಗಿದೆ, ಯಾರೂ ಕೇಳೋರಿಲ್ಲ.

ಫೆಬ್ರವರಿ 16, ಭಾನುವಾರ

ಫ್ರೇಮು ಹೊತ್ತುಕೊಂಡು ಮೇಷ್ಟ್ರ ಮನೆಗೆ ಹೋದೆ. ಶಾಲೆ ಮೇಷ್ಟ್ರಲ್ಲ. ಗೂಳಿ ಫ್ಯಾಕ್ಟರಿಯಲ್ಲಿ ಬ್ರೇಜಿಂಗ್, ಅಂದ್ರೆ ಹಿತ್ತಾಳೆ ಕರಗಿಸಿ ಪೈಪು ಬೆಸೆಯೋದು, ಕಲಿಸ್ತಿದ್ದೋರು, ಎಲ್ಲರೂ ಹಾಗೇ ಕರೆಯೋದು. ಹಿತ್ತಲಲ್ಲಿ ಟೊಮೇಟೊ ಗಿಡಕ್ಕೆ ನೀರು ಹಾಕ್ತಿದ್ರು. ಈಗ ಕೈ ನಡುಗುತ್ತೆ, ಅರ್ಧ ನೀರು ಕಾಲಿಗೆ.

ಬೆರಳಲ್ಲಿ ಹಿತ್ತಾಳೆ ಬೊಟ್ಟು ಸವರಿ ನಕ್ಕರು. "ಓ, ಎರಡೂವರೆ!"

"ಏನು ಮೇಷ್ಟ್ರೇ?"

"ಎರಡನೇದು ಬಿರುಕು ಬಿಡ್ತಲ್ಲ, ಅಂಗಡಿಗಳಿಂದ ವಾಪಸ್ ತರಿಸಿದ್ರು. ಕೆಳಗಿನ ಗೂಟ ತೆಗೀರಿ, ಮೇಲೆ ಹಾಕಿ, ಹೊಸ ಕಾಲು ಕೂರಿಸಿ, ಮೂರನೇದು ಅಂತ ಕಳಿಸಿ ಅಂದ್ರು. ಬಿರುಕು ಕಂಡದ್ದು ಚೈನ್ ಕಡೆ. ಮೊದಲು ಆ ಕಾಲು ಬದಲಾಯಿಸಿದ್ವಿ."

"ಎಡಗಾಲು?"

"ಅದರ ಸರದಿ ಬರೋ ಹೊತ್ತಿಗೆ ಫ್ಯಾಕ್ಟರಿಗೇ ಬಾಗಿಲು ಬಿತ್ತಪ್ಪ. ಇದ್ದಬದ್ದದ್ದು ಹಾಗೇ ಹೊರಟುಹೋಯ್ತು."

ಖಾತ್ರಿ ಹೇಗೆ ಅಂತ ಕೇಳಿದೆ. ಉಸಿರುತೂತು ನೋಡು ಅಂದ್ರು. ಬೆಂಕಿ ಹಾಕುವಾಗ ಒಳಗಿನ ಬಿಸಿಗಾಳಿ ಹೊರಗೆ ಹೋಗೋಕೆ ಪ್ರತಿ ಕಾಲಿಗೂ ಒಂದು ಸಣ್ಣ ತೂತು. ಹಳೇ ಕಾಲಿಗೆ ನೆಲದ ಕಡೆ, ಹೊಸದಕ್ಕೆ ಚಕ್ರದ ಕಡೆ. "ಯಾಕೆ ಬದಲಾಯಿಸಿದ್ರು ಅಂತ ಕೇಳ್ಬೇಡ. ಆಫೀಸಿನವರ ತಲೆಗೂ ಒಂದು ಉಸಿರುತೂತು ಬೇಕಿತ್ತು."

ಫೆಬ್ರವರಿ 18, ಮಂಗಳವಾರ

ಗುಬ್ಬಿ ಕೈಗೆ ಪಿನ್ನು ಕೊಟ್ಟೆ, ಬಲಗಾಲಿನ ತೂತು ಹುಡುಕು ಅಂದೆ. ಚಕ್ರದ ಕಡೆ ಪಿನ್ನು ಒಳಗೆ ಹೋಯ್ತು. ಎಡಗಾಲಿನದ್ದು ಅಂದೆ. ಅಲ್ಲೆಲ್ಲ ತಡಕಿದಳು, ಇಲ್ಲ. ಫ್ರೇಮು ತಿರುಗಿಸಿದೆ. ನೆಲದ ಕಡೆ, ಬಣ್ಣ ತುಂಬಿಕೊಂಡು, ಇತ್ತು.

"ಒಂದು ಕಾಲು ಹಳೇದಾ?"

"ಹ್ಞೂಂ."

ಪಿನ್ನಿನಿಂದ ಆ ತೂತಿನ ಬಣ್ಣ ಪೂರ್ತಿ ಕೆದಕಿ ತೆಗೆದಳು. "ಸರಿ. ಹೊಸ ಕಾಲು ಹಾಕು."

"ಯಾರು?"

"ನೀನೇ. ಇನ್ಯಾರು?"

ಬ್ರೇಜಿಂಗ್ ಬರುತ್ತೆ ನನಗೆ. ಕ್ಯಾರಿಯರಿಗೆ, ಕುರ್ಚಿಗೆ, ಗೇಟಿಗೆ. ಒಬ್ಬರ ಜೀವ ನಿಲ್ಲೋ ಜಾಗಕ್ಕೆ ಹಾಕಿದ್ದಿಲ್ಲ. ಹಳೇ ಕಾಲು ಮುರಿದ್ರೆ ಫ್ಯಾಕ್ಟರಿ ತಪ್ಪು. ನಾನು ಹಾಕಿದ್ದು ಮುರಿದ್ರೆ...

ಫೆಬ್ರವರಿ 19, ಬುಧವಾರ

ಗರಗಸ ಕೈಯಲ್ಲಿ ಹಿಡಿದು ಕೂತಿದ್ದೆ. ನಡುವಿನ ಪೈಪಿಗೇ ಹಚ್ಚಿ ಎರಡು ತುಂಡು ಮಾಡಿದ್ರೆ ಮುಗೀತು. ಯಾರೂ ಇಳಿಯಲ್ಲ. ಜಾರಿತು ಅಂತ ಹೇಳಬಹುದು. ನಿದ್ದೆ ಬರುತ್ತೆ.

ಹಲ್ಲು ಪೈಪಿಗೆ ತಾಗಿಸಿಯೂ ಬಿಟ್ಟೆ. ಬಣ್ಣದಲ್ಲಷ್ಟೇ ಸಣ್ಣ ಗೆರೆ ಬಿತ್ತು.

ಗುಬ್ಬಿ ಬೆಳಿಗ್ಗೆ ಆ ಕೊಂಬಿನ ಬಿಲ್ಲೆಯನ್ನ ಬೂದಿ ಹಾಕಿ ಉಜ್ಜಿ ಇಟ್ಟುಹೋಗಿದ್ದಳು. ಮಿನುಗ್ತಾ ಇತ್ತು.

ಗರಗಸ ಮೊಳೆಗೆ ನೇತುಹಾಕಿದೆ.

ಮಾರ್ಚ್ 2, ಭಾನುವಾರ

ಬರೀಲಿಲ್ಲ ಇಷ್ಟು ದಿನ. ಬರೀಬೇಕು ಅನ್ನಿಸಲೇ ಇಲ್ಲ. ರಾತ್ರಿ ಬಿದ್ದ ತಕ್ಷಣ ನಿದ್ದೆ.

ಹೊಸ ಕಾಲು ಎಲ್ಲಿ ಸಿಕ್ತು ಅಂದ್ರೆ ಮೇಷ್ಟ್ರ ಹಿತ್ತಲಲ್ಲಿ! ಟೊಮೇಟೊ ಗಿಡಕ್ಕೆ ಆಸರೆ ಕೊಟ್ಟಿದ್ದೆಲ್ಲ ಮೂರನೇ ಗೂಳಿಯ ಕಾಲುಗಳೇ. ಫ್ಯಾಕ್ಟರಿ ಮುಚ್ಚುವಾಗ ಕಟ್ಟಿಗೆ ಹಂಚಿದ ಹಾಗೆ ಕೊಟ್ಟಿದ್ರಂತೆ. ಒಂದು ಕಿತ್ತುಕೊಟ್ಟರು. ಗಿಡ ಒಂದು ಕಡೆ ವಾಲಿತು, ನನ್ನ ಜೊತೆ ಬಂದಿದ್ದ ಅಕ್ಕ ಅದಕ್ಕೊಂದು ಕೋಲು ನೆಟ್ಟಳು. ಮಣ್ಣಲ್ಲಿದ್ದ ತುದಿ ಕತ್ತರಿಸಿ ಹಾಕಿದೆ. ಉಳಿದದ್ದು ಒಳಗೂ ಹೊರಗೂ ಚೊಕ್ಕ.

ನಿನ್ನೆ ಮೇಷ್ಟ್ರು ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತರು. ಬೆಂಕಿ ನನ್ನ ಕೈಯಲ್ಲಿ, ಮಾತು ಅವರದ್ದು. "ಪೈಪು ನಾಚಿಕೊಂಡ ಹಾಗೆ ಕೆಂಪಾಗಬೇಕು, ಸಿಟ್ಟು ಬಂದ ಹಾಗಲ್ಲ... ಹ್ಞಾ, ಈಗ ಹಿತ್ತಾಳೆ ಮುಟ್ಟಿಸು. ತಳ್ಳಬೇಡ. ಅದೇ ಹರಿಯುತ್ತೆ." ಹರೀತು.

ಆರಿದ ಮೇಲೆ ತಟ್ಟಿದೆ. ಟಣ್. ಟಣ್.

"ಈಗ ಇದು ಮೂರನೇದು" ಅಂದ್ರು ಮೇಷ್ಟ್ರು. "ಪಾಪ, ಎಷ್ಟು ವರ್ಷ ಹಿಡೀತು ನೋಡು."

ತೆಗೆದ ಹಳೇ ಕಾಲನ್ನ ಉದ್ದಕ್ಕೆ ಸೀಳಿದ್ದೆ. ಗುಬ್ಬಿ ಬಲ್ಬಿಗೆ ಹಿಡಿದು ನೋಡಿದಳು. ಗೂಟದ ಜಾಗದಲ್ಲಿ ಕೂದಲೆಳೆಯಷ್ಟು ಬೆಳಕು ಈ ಕಡೆಗೆ ಬಂತು.

ಮನೆಗೆ ಬಂದು ಸ್ಟೂಲ್ ಹತ್ತಿ ನನ್ನ ರೂಮಿನ ಫ್ಯಾನ್ ಬೋಲ್ಟ್ ನೋಡಿದಳು. ಸ್ಪ್ಯಾನರಲ್ಲಿ ಒಂದು ಸುತ್ತು ಬಿಗಿದಳು.

"ಮಾಮ, ಸ್ವಲ್ಪ ಲೂಸೇ ಇತ್ತು."

"ನೋಡಿದೆಯಾ!"

"ನೋಡಿದೆ. ಈಗ ನಡುವೆ ಮಲ್ಕೋ."

ಮಾರ್ಚ್ 8, ಶನಿವಾರ

ಹಸಿರು ಬಣ್ಣ ಹೊಸದು. ಬ್ರೇಕ್ ಕೇಬಲ್ ಹೊಸದು. ಬ್ರೇಕಿನ ರಬ್ಬರ್ ಬ್ಲಾಕ್ ಹೊಸದು. ಎಲ್ಲ ನಟ್ಟೂ ನೋಡಿದೆ. ಆಮೇಲೆ ಗುಬ್ಬಿ ನೋಡಿದಳು. ಆಮೇಲೆ ಅಕ್ಕ ಬಂದು, ಗೊತ್ತಿಲ್ಲದಿದ್ರೂ, ಎಲ್ಲ ನಟ್ಟನ್ನೂ ಒಂದ್ಸಲ ಮುಟ್ಟಿ ಹೋದಳು.

"ನಿನ್ನ ರೋಗ ಮನೆಗೆಲ್ಲ ಹತ್ತಿತು ಕಣೋ" ಅಂದಳು.

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಕ್ವಾರಿ ಗುಡ್ಡದ ಕೆಳಗೆ, ಕಲ್ಲಿನ ಮೇಲೆ ಕೂತಿದೀನಿ. ಅಕ್ಕ ಅಲ್ಲಿ ನೆರಳಲ್ಲಿ, ಫ್ಲಾಸ್ಕ್ ತಬ್ಬಿಕೊಂಡು. ನೋಡೋಕೆ ಆಗಲ್ಲ, ಅದಕ್ಕೇ ಬರೀತಾ ಇದೀನಿ.

ಹೊರಡುವಾಗ ಗುಬ್ಬಿ ಹೆಲ್ಮೆಟ್ ಹಾಕಿಕೊಳ್ತಾ ಕೇಳಿದಳು, "ಎಷ್ಟನೇದು ಮಾಮ?" ಬ್ರೇಕು ನೋಡಲಿಲ್ಲ. ಎಡಗಾಲಿನ ಜಾಯಿಂಟ್ ಮೇಲೆ ಬೆರಳಿಟ್ಟು ಹೇಳಿದೆ, ಮೂರನೇದು.

ಮೇಲೆ ಸೀಟಿ ಊದಿದ್ರು. ಹೊರಟಳು ಅನ್ಸುತ್ತೆ. ಧೂಳು ಏಳ್ತಿದೆ. ತಿರುವಲ್ಲಿ ಕಲ್ಲು ಉರುಳಿದ ಸದ್ದು... ಬೇರೆ ಯಾರೋ, ಬಿದ್ದಿಲ್ಲ, ನಗ್ತಾ ಇದಾರೆ.

ಈಗ ಹಸಿರು ಕಾಣ್ತು. ದೊಡ್ಡ ಇಳಿಜಾರಿಗೆ ಬಂದಳು. ಬ್ರೇಕು ಹಿಡಿದಳು — ಕೀಂ ಅಂತು, ಅದು ಬ್ಲಾಕು, ಹೊಸದು ಹಾಗೇ ಕೂಗೋದು. ಹಿಂಗಾಲಿನ ಕಡೆಯಿಂದ ಏನೂ ಇಲ್ಲ. ಕಿವಿ ಕೊಟ್ಟು ಕೇಳ್ತಿದೀನಿ. ಏನೂ ಇಲ್ಲ. ಬರೀ ಚಕ್ರದ ಟಿಕಟಿಕ. ಅಕ್ಕ ಎದ್ದು ನಿಂತಳು. ಇಷ್ಟು ಜೋರಾಗಿ ಬರ್ತಾ ಇದಾಳಲ್ಲ ಇವಳು, ನಿಧಾನ ಕಣೇ, ಪೆನ್ನು ಎಲ್ಲಿ ಇಡ್ಲಿ, ಇಳಿಜಾರು ದಾಟಿದಳು, ನಗ್ತಾ ಕೈ ಬೀಸ್ತಾ ಇದಾಳೆ, ಎರಡೂ ಕೈ ಬಿಟ್